ಹಳೇ ಚರ್ಚುಗಳ ಗೋಡೆ ನೋಡಿಕೊಂಡು: ಹಾಸನ, ಚಿಕ್ಕಮಗಳೂರು, ಆಮೇಲೆ ಘಟ್ಟದ ಕೆಳಗೆ

ಶುಕ್ರವಾರ: ಶೆಟ್ಟಿಹಳ್ಳಿ

ಶೆಟ್ಟಿಹಳ್ಳಿ ಚರ್ಚಿಗೆ ಜನ ಜಾಸ್ತಿ ಹೋಗುವುದು ಮಳೆಗಾಲದಲ್ಲಿ. ನೀರಿನ ಮಧ್ಯೆ ಅರ್ಧ ಮುಳುಗಿ ನಿಂತ ಕಮಾನುಗಳ ಫೋಟೋ ಬೇಕಲ್ವಾ. ನಾವು ಬೇಕಂತಲೇ ಮೇ ತಿಂಗಳಲ್ಲಿ ಹೊರಟೆವು. ಆಗ ನೀರು ಇಳಿದಿರುತ್ತದೆ, ಬುಡದ ತನಕ ನಡೆದು ಹೋಗಬಹುದು, ಗೋಡೆಯನ್ನು ಹತ್ತಿರದಿಂದ ನೋಡಬಹುದು. ಭಾವನಿಗೆ ಬೇಕಿದ್ದದ್ದೂ ಅದೇ. ಭಾವ ಗಾರೆ ಕೆಲಸದ ಮೇಸ್ತ್ರಿ. ಮೈಸೂರು ಕಡೆ ಹಳೇ ಮನೆ, ಹಳೇ ಛತ್ರಗಳಿಗೆ ಸುಣ್ಣದ ಗಾರೆ ಹಾಕಿ ಕೈ ಪಳಗಿದವರು. ನಮ್ಮ ಕಡೆಯ ಹಳೇ ಚರ್ಚುಗಳು ಹೇಗಿವೆ, ಯಾಕೆ ಹಾಗಿವೆ, ಉಳಿಸಬೇಕು ಅಂದರೆ ನಿಜವಾಗಿ ಏನು ಮಾಡಬೇಕು ಅಂತ ನೋಡುವ ಆಸೆ ನನಗೆ ಬಹಳ ದಿನದಿಂದ ಇತ್ತು. ಅಕ್ಕನೂ ಬರ್ತೀನಿ ಅಂದಳು.

ಹಾಸನದಿಂದ ಸುಮಾರು 20 ಕಿಲೋಮೀಟರ್. ದಾರಿಯುದ್ದಕ್ಕೂ ಆಲೂಗಡ್ಡೆ ಬಿತ್ತನೆಗೆ ಹೊಲ ಉತ್ತು ಬಿಟ್ಟಿದ್ದರು. ಕೊನೆಯಲ್ಲಿ ರಸ್ತೆ ಸಣ್ಣದಾಗಿ ಹಿನ್ನೀರಿನ ಬಯಲಿಗೆ ಇಳಿಯುತ್ತದೆ. ಬಿರುಕು ಬಿಟ್ಟ ಕೆಸರು ನೆಲ, ಅಲ್ಲಲ್ಲಿ ಮೇಯುವ ದನ, ಅದರ ಮಧ್ಯೆ ಚಾವಣಿಯಿಲ್ಲದ ಚರ್ಚು.

1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿದ ಜಪಮಾಲೆ ಮಾತೆಯ ದೇವಾಲಯ ಇದು. ಕೆಲವರು ಇದನ್ನು ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಕಟ್ಟಿಸಿದ್ದು ಅಂತ ಹೇಳುತ್ತಾರೆ. ಅದು ಆಗದ ಮಾತು. ದುಬುವಾ ಅವರನ್ನು ಮೈಸೂರು ಸೀಮೆಯ ಜನ ದೊಡ್ಡಸ್ವಾಮಿ ಅಂತ ಕರೆಯುತ್ತಿದ್ದರು. ಟಿಪ್ಪು ಕಾಲದ ನಂತರ ಚದುರಿ ಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದವರು, ಬೇಸಾಯಕ್ಕೆ ನೆಲೆ ಮಾಡಿಕೊಟ್ಟವರು, ಸಿಡುಬಿಗೆ ಲಸಿಕೆ ಹಾಕಿಸಿದವರು, ಎಲ್ಲವೂ ನಿಜ. ಆದರೆ ಅವರು 1823ರಲ್ಲೇ ಫ್ರಾನ್ಸಿಗೆ ವಾಪಸ್ ಹೋದರು, 1848ರಲ್ಲಿ ತೀರಿಕೊಂಡರು. ಅವರ ನಂತರ ಈ ಭಾಗದಲ್ಲಿ ಕೆಲಸ ಮಾಡಿದವರು ಪ್ಯಾರಿಸ್ ವಿದೇಶ ಮಿಷನ್ನಿನ ಗುರುಗಳು. ತಮ್ಮ ಊರಿನ, ಚೂಪು ಕಮಾನಿನ ಗಾಥಿಕ್ ಶೈಲಿಯನ್ನು ಅವರು ಹೇಮಾವತಿ ದಂಡೆಗೆ ತಂದರು. ಕಟ್ಟಿದ ಕೈ, ಇಟ್ಟಿಗೆ, ಸುಣ್ಣ ಎಲ್ಲ ನಮ್ಮದೇ.

ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. ಹೇಮಾವತಿಯ ಹಿನ್ನೀರು ಇಲ್ಲಿಯ ತನಕ ಬಂತು. ಹಳ್ಳಿಯವರು ಎದ್ದು ಬೇರೆ ಕಡೆ ಹೋದರು. ಚರ್ಚು ಉಳಿಯಿತು. ಅವತ್ತಿನಿಂದ ಪ್ರತಿ ವರ್ಷ ಮುಳುಗುತ್ತದೆ, ಏಳುತ್ತದೆ.

ಭಾವ ಒಳಗೆ ಹೋದವರೇ ಉದುರಿ ಬಿದ್ದಿದ್ದ ಗಾರೆಯ ಚೂರೊಂದನ್ನು ಬೆರಳಲ್ಲಿ ಪುಡಿ ಮಾಡಿ ನೋಡಿದರು. "ಸುಣ್ಣ, ಮರಳು, ಇಟ್ಟಿಗೆ ಪುಡಿ. ಸಿಮೆಂಟಿನ ಸುಳಿವೇ ಇಲ್ಲ ನೋಡಮ್ಮ" ಅಂದರು. ಬೆಲ್ಲ, ಮೊಟ್ಟೆ ಹಾಕಿ ಕಟ್ಟಿದ್ದಾರೆ ಅಂತ ಎಲ್ಲರೂ ಹೇಳುವ ಮಾತನ್ನು ಕೇಳಿದೆ. ಹಳಬರು ಹಾಗೆ ಮಾಡುತ್ತಿದ್ದದ್ದು ನಿಜ, ಆದರೆ ಸುಮ್ನೆ ಅಲ್ಲ ಅಂದರು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಸುಟ್ಟ ಸುಣ್ಣ. ಅದಕ್ಕೆ ನೀರು ಹಾಕಿದರೆ ಕುದಿದು ಅರಳುತ್ತದೆ. ಅದನ್ನು ಕೊಳೆಹಾಕಿ, ಮರಳು ಸೇರಿಸಿ, ಕಲ್ಲಿನ ಚಕ್ರದ ಗಾಣದಲ್ಲಿ ಎತ್ತು ಕಟ್ಟಿ ಅರೆಯುತ್ತಿದ್ದರು. ಬೆಲ್ಲದ ನೀರು ಹಾಕಿದರೆ ಗಾರೆ ಬೇಗ ಗಟ್ಟಿಯಾಗುವುದಿಲ್ಲ, ಕೆಲಸಕ್ಕೆ ಟೈಮ್ ಸಿಗುತ್ತದೆ, ಕರಣೆಗೆ ಹದವಾಗಿ ಸಿಗುತ್ತದೆ. ಅಳಲೆಕಾಯಿ ನೆನೆಸಿದ ನೀರನ್ನೂ ಹಾಕುತ್ತಿದ್ದರು. ಮೊಟ್ಟೆಯ ಬಿಳಿ ಜಾಸ್ತಿ ಬಳಕೆಯಾಗುತ್ತಿದ್ದದ್ದು ಮೇಲಿನ ನುಣುಪು ಪದರಕ್ಕೆ. ಹಾಗೆ ಹಾಕಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ, ವರ್ಷಗಟ್ಟಲೆ, ಮತ್ತೆ ಸುಣ್ಣದ ಕಲ್ಲೇ ಆಗುತ್ತಾ ಹೋಗುತ್ತದೆ.

ಇಷ್ಟು ವರ್ಷ ನೀರಲ್ಲಿ ನಿಂತೂ ಇದು ಪೂರ್ತಿ ಬಿದ್ದಿಲ್ಲ ಅನ್ನುವುದಕ್ಕೆ ಆ ಕೆಲಸದ ಗುಣವೂ ಕಾರಣ. ಆದರೆ ಬೀಳುತ್ತಿದೆ. ಗೋಡೆ ತಿಂಗಳುಗಟ್ಟಲೆ ನೀರು ಕುಡಿಯುತ್ತದೆ. ಸುಣ್ಣ ಸ್ವಲ್ಪ ಸ್ವಲ್ಪ ಕರಗಿ ಹೋಗುತ್ತದೆ. ಬೇಸಿಗೆಯಲ್ಲಿ ಒಣಗುವಾಗ ಒಳಗಿನ ಉಪ್ಪು ಹೊರಗೆ ಬಂದು ಹರಳುಗಟ್ಟಿ ಇಟ್ಟಿಗೆಯ ಮೈಯನ್ನು ಒಡೆಯುತ್ತದೆ. ಅಲೆ ಹೊಡೆಯುವ ಮಟ್ಟದಲ್ಲಿ ಗೋಡೆ ಸವೆದು ಸೊಂಟ ಸಣ್ಣದಾದಂತೆ ಕಾಣುತ್ತದೆ. ಚಾವಣಿ ಇಲ್ಲದ್ದರಿಂದ ಗೋಡೆಯ ತಲೆಯ ಮೇಲೆ ಮಳೆ ನೇರ ಬೀಳುತ್ತದೆ. ಸಂದಿಯಲ್ಲಿ ಅರಳಿ ಗಿಡ ಬೇರು ಬಿಟ್ಟರೆ ಕೇಳುವುದೇ ಬೇಡ. ಭಾವ ಎಲ್ಲಕ್ಕಿಂತ ಜಾಸ್ತಿ ಚಿಂತೆ ಮಾಡಿದ್ದು ಕಮಾನುಗಳ ಬಗ್ಗೆ. ಸಾಲು ಕಮಾನುಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ, ಪ್ರತಿಯೊಂದೂ ಪಕ್ಕದ್ದನ್ನು ತಳ್ಳುತ್ತಾ ತಡೆಯುತ್ತಾ ಇರುತ್ತದೆ. ತುದಿಯ ಒಂದು ಬಿದ್ದರೆ ಅದರ ಪಕ್ಕದ್ದಕ್ಕೆ ಆಸರೆ ತಪ್ಪುತ್ತದೆ. ಹಾಗಾಗಿ ಇಲ್ಲಿ ಒಂದು ಕಂಬ ಹೋಯಿತು ಅಂದರೆ ಲೆಕ್ಕ ಒಂದಕ್ಕೇ ನಿಲ್ಲುವುದಿಲ್ಲ.

ನನಗೆ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಗಾರೆಯ ಮೇಲೆ ಕೆತ್ತಿದ ಹೆಸರುಗಳು, ಹೃದಯದ ಗುರುತುಗಳು. ನಾವಿದ್ದಾಗಲೇ ಯಾರೋ ಮದುವೆ ಫೋಟೋಗೆ ಅಂತ ಗೋಡೆಯ ತುದಿಗೆ ಹತ್ತಿದರು. ಅಕ್ಕ ಹೋಗಿ, "ಇಳೀರಪ್ಪ, ಅದು ಗಟ್ಟಿ ಇಲ್ಲ" ಅಂತ ಮೆತ್ತಗೆ ಹೇಳಿದಳು. ಇಳಿದರು. ಬಣ್ಣದ ಗಾಜು ಒಂದೂ ಉಳಿದಿಲ್ಲ, ಬರೀ ಕಿಟಕಿಯ ಚೂಪು ಕಮಾನಿನ ಆಕಾರ ಇದೆ. ಆ ಆಕಾರವಾದರೂ ಉಳಿಯಲಿ.

ಇದನ್ನು ಮತ್ತೆ ಹೊಸದಾಗಿ ಕಟ್ಟಬೇಕು ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಳೇ ಕಟ್ಟಡಗಳ ಸಂರಕ್ಷಣೆಗೆ ಜಗತ್ತೇ ಇವತ್ತಿಗೂ ನೋಡುವ 1964ರ ವೆನಿಸ್ ಸನ್ನದು ಹೇಳುವುದು ಇದನ್ನೇ: ಊಹೆ ಎಲ್ಲಿ ಶುರುವಾಗುತ್ತದೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕು. ಇಲ್ಲಿ ಬೇಕಿರುವುದು ಇರುವುದನ್ನು ಇರುವ ಹಾಗೆ ನಿಲ್ಲಿಸುವ ಕೆಲಸ. ನೀರು ಇಳಿದ ತಿಂಗಳುಗಳಲ್ಲಿ ಗಿಡ ಕೀಳುವುದು, ಬಿರುಕಿಗೆ ನೀರಲ್ಲೂ ಗಟ್ಟಿಯಾಗುವ ಜಾತಿಯ ಸುಣ್ಣ ತುಂಬುವುದು, ಗೋಡೆಯ ತಲೆಗೆ ಸುಣ್ಣದ ಗಾರೆಯ ಹೊದಿಕೆ, ಬುಡ ಸವೆದ ಕಡೆ ಅದೇ ಅಳತೆಯ ಇಟ್ಟಿಗೆ, ಮುಖ್ಯ ಕಂಬಗಳಿಗೆ ಆಸರೆ. ಪ್ರತಿ ವರ್ಷ ಸ್ವಲ್ಪ ಸ್ವಲ್ಪ. ಅದಕ್ಕೂ ಮೊದಲು ಪ್ರತಿ ಕಲ್ಲು, ಪ್ರತಿ ಬಿರುಕಿನ ಅಳತೆ ಮತ್ತು ಫೋಟೋ. ಮುಂದಿನ ಮಳೆಗಾಲದಲ್ಲಿ ಏನಾದರೂ ಬಿದ್ದರೆ ಅದು ಎಲ್ಲಿತ್ತು, ಹೇಗಿತ್ತು ಅಂತ ಗೊತ್ತಿರಬೇಕಲ್ಲ.

ಶನಿವಾರ: ಬೇಲೂರು ದಾಟಿ

ಚಿಕ್ಕಮಗಳೂರಿಗೆ ಹೋಗುವ ದಾರಿಯಲ್ಲೇ ಬೇಲೂರು. ಚರ್ಚು ನೋಡಲು ಹೊರಟವರಿಗೆ ಇಲ್ಲೇನು ಕೆಲಸ ಅಂತ ಅಕ್ಕ ಕೇಳಿದಳು. ಭಾವ ಬಿಡಲಿಲ್ಲ.

1117ರ ಚೆನ್ನಕೇಶವ ಗುಡಿ. ಇವತ್ತಿಗೂ ದಿನಾ ಪೂಜೆ ನಡೆಯುತ್ತದೆ, ಊರಿನ ರಥೋತ್ಸವ ನಡೆಯುತ್ತದೆ, ಜೊತೆಗೆ ಪುರಾತತ್ವ ಇಲಾಖೆಯ ರಕ್ಷಣೆಯೂ ಇದೆ. 2023ರಲ್ಲಿ ಹಳೇಬೀಡು, ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿಗೂ ಸೇರಿತು. ಪೂಜೆ ನಡೆಯುವ ಜಾಗವನ್ನು ಮ್ಯೂಸಿಯಂ ಮಾಡದೇ ಕಾಪಾಡಬಹುದು ಅನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಗೋವಾದ ಚರ್ಚುಗಳೂ 1986ರಿಂದ ಅದೇ ಪಟ್ಟಿಯಲ್ಲಿವೆ, ಅಲ್ಲೂ ಬಲಿಪೂಜೆ ನಿಂತಿಲ್ಲ. ಬೇಲೂರು ಗುಡಿಯ ಬಳಪದ ಕಲ್ಲಿನ ಮೈಯನ್ನು ಉಜ್ಜಿ ತೊಳೆಯುವ ಹಾಗಿಲ್ಲ. ಕಲ್ಲಿನೊಳಗಿನ ಉಪ್ಪು ತೆಗೆಯಲು ಒದ್ದೆ ಕಾಗದದ ಹಿಟ್ಟನ್ನು ಮೆತ್ತಿ ಒಣಗಲು ಬಿಡುವ ಒಂದು ವಿಧಾನ ಇದೆ. ಒಣಗುತ್ತಾ ಅದು ಉಪ್ಪನ್ನು ಎಳೆದುಕೊಳ್ಳುತ್ತದೆ. ಚರ್ಚಿನ ಗೋಡೆಗೂ ಇದೇ ನಡೆಯುತ್ತದೆ ಅಂದರು ಭಾವ.

ಮಧ್ಯಾಹ್ನ ಊಟ ಮುಗಿಸಿ ಚಿಕ್ಕಮಗಳೂರು ತಲುಪಿದೆವು. ಸಂಜೆ ಜೋರು ಮಳೆ. ಎಲ್ಲೂ ಹೋಗಲಿಲ್ಲ.

ಭಾನುವಾರ: ಚಿಕ್ಕಮಗಳೂರು ಮತ್ತು ತೋಟದ ನಡುವಿನ ಚರ್ಚು

ಬೆಳಗಿನ ಪೂಜೆಗೆ ಸಂತ ಜೋಸೆಫರ ಪ್ರಧಾನಾಲಯಕ್ಕೆ, ಅಂದರೆ ಕೆಥೆಡ್ರಲ್‌ಗೆ, ಹೋದೆವು. ಚಿಕ್ಕಮಗಳೂರು ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಸೀಮೆ, ಮೈಸೂರಿನಿಂದ ಬೇರೆಯಾದದ್ದು 1963ರಲ್ಲಿ. ಹಾಸನ ಜಿಲ್ಲೆಯೂ ಇದಕ್ಕೇ ಸೇರುತ್ತದೆ, ಅಂದರೆ ಶೆಟ್ಟಿಹಳ್ಳಿಯೂ ಇದರ ಸರಹದ್ದಿನಲ್ಲೇ ಇದೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಕಥೋಲಿಕ ಬಿಷಪ್ಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ ಪೂಜಾವಿಧಿಯ ದಾಖಲೆ ಹೊರಡಿಸಿತು. ಲ್ಯಾಟಿನ್ ಹೋಗಿ ಕನ್ನಡದಲ್ಲಿ ಪೂಜೆ ಬಂದದ್ದು ಆ ಬದಲಾವಣೆಯಿಂದ. ಒಳ್ಳೆಯದೇ ಆಯಿತು. ಆದರೆ ಎಷ್ಟೋ ಕಡೆ ಆ ಉತ್ಸಾಹದಲ್ಲೇ ಹಳೇ ಮರದ ಬಲಿಪೀಠಗಳನ್ನೂ ಕಿತ್ತು ಹಾಕಿದರು. ದಾಖಲೆ ಹಾಗೆ ಮಾಡಿ ಅಂತ ಹೇಳಿರಲಿಲ್ಲ. ಬೆಲೆಬಾಳುವ ಕಲಾಕೃತಿಗಳನ್ನು ಮಾರಬೇಡಿ, ಚದುರಿಸಬೇಡಿ, ಅವು ದೇವರ ಮನೆಯ ಒಡವೆ ಅಂತಲೇ ಅದರಲ್ಲಿ ಇದೆ.

ಪೂಜೆ ಮುಗಿಸಿಕೊಂಡು ಕಾಫಿ ತೋಟಗಳ ಮಧ್ಯೆ ಇರುವ ಒಂದು ಸಣ್ಣ ಹಳೇ ಚರ್ಚಿಗೆ ಹೋದೆವು. ಅಕ್ಕನ ಪರಿಚಯದವರ ಊರು. ಹೆಸರು ಹೇಳುವುದಿಲ್ಲ. ಅಲ್ಲಿನವರು ಕಷ್ಟಪಟ್ಟು ದುಡ್ಡು ಕೂಡಿಸಿ, ಭಕ್ತಿಯಿಂದ ಮಾಡಿಸಿದ ಕೆಲಸ ಅದು. ಅವರನ್ನು ನೋಯಿಸುವ ಉದ್ದೇಶ ನನಗಿಲ್ಲ. ಆದರೆ ನೋಡಿದ್ದನ್ನು ಹೇಳಲೇಬೇಕು.

ಹೊರಗಿನಿಂದ ಚರ್ಚು ಮಿರಮಿರ ಮಿಂಚುತ್ತಿತ್ತು. ಒಳಗೆ ಕಾಲಿಟ್ಟರೆ ತೇವದ ವಾಸನೆ. ಹಳೇ ಸುಣ್ಣದ ಗಾರೆ ಕಿತ್ತು ಸೊಂಟದ ಮಟ್ಟದ ತನಕ ಸಿಮೆಂಟ್ ಪ್ಲಾಸ್ಟರ್ ಹೊಡೆದು, ಅದರ ಮೇಲೆ ಟೈಲ್ಸ್ ಅಂಟಿಸಿದ್ದರು. ಗೋಡೆಗೆಲ್ಲ ಪ್ಲಾಸ್ಟಿಕ್ ಎಮಲ್ಶನ್ ಬಣ್ಣ. ಹೊರಗೆ ಅಂಗಳಕ್ಕೆ ಇಂಟರ್‌ಲಾಕ್ ಹಾಸಿ ನೆಲದ ಮಟ್ಟ ಏರಿಸಿದ್ದರು, ಮಳೆ ನೀರು ಈಗ ಗೋಡೆಯ ಬುಡಕ್ಕೇ ಬಂದು ನಿಲ್ಲುತ್ತದೆ. ಮಂಗಳೂರು ಹೆಂಚು ಇಳಿಸಿ ಶೀಟ್ ಹಾಕಿ, ಕೆಳಗೆ ಪಿಒಪಿ ಸೀಲಿಂಗ್ ಮಾಡಿದ್ದರು. ಮಂಗಳೂರಿನ ಜಪ್ಪಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮಲೆನಾಡಿನ ಅರ್ಧ ಚರ್ಚುಗಳ ತಲೆ ಕಾಯ್ದದ್ದು ಅದೇ ಹೆಂಚು. ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ, ಒಳಗಿನ ಬಿಸಿ, ತೇವ ಎರಡೂ ಹೊರಗೆ ಹೋಗುತ್ತವೆ.

ಭಾವ ವಿವರಿಸಿದ್ದನ್ನು ಇಲ್ಲಿ ಬರೆದಿಡುತ್ತೇನೆ, ಯಾಕೆಂದರೆ ಇದು ನಮ್ಮ ಎಲ್ಲ ಹಳೇ ಚರ್ಚುಗಳ ಕಥೆ. ಹಳೇ ಗೋಡೆಗಳಿಗೆ ಅಡಿಯಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ನೀರು ಗೋಡೆಯೊಳಗೆ ಏರುತ್ತದೆ, ಸುಣ್ಣದ ಗಾರೆಯ ಮೂಲಕ ಆವಿಯಾಗಿ ಹೋಗುತ್ತದೆ. ಗಾರೆ ಸವೆಯುತ್ತದೆ, ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಬೇಕು, ಆದರೆ ಗೋಡೆ ಉಳಿಯುತ್ತದೆ. ಸಿಮೆಂಟ್ ಹಾಕಿದರೆ ಆ ದಾರಿ ಮುಚ್ಚಿತು. ನೀರು ಒಳಗೇ ಸಿಕ್ಕಿಕೊಂಡು ಇನ್ನೂ ಮೇಲಕ್ಕೆ ಏರುತ್ತದೆ, ಟೈಲ್ಸ್ ಮುಗಿದ ಕಡೆ ಉಪ್ಪು ಕಾರುತ್ತದೆ, ಬಣ್ಣ ಗುಳ್ಳೆ ಏಳುತ್ತದೆ. ಆಗ ಜನ ಏನು ಮಾಡುತ್ತಾರೆ? ಇನ್ನೂ ಎತ್ತರಕ್ಕೆ ಟೈಲ್ಸ್ ಹಾಕುತ್ತಾರೆ. ಸಿಮೆಂಟು ಹಳೇ ಇಟ್ಟಿಗೆಗಿಂತ ಗಟ್ಟಿ. ಗೋಡೆ ಸ್ವಲ್ಪ ಅಲುಗಿದರೂ ಸಿಮೆಂಟ್ ಬಿರುಕು ಬಿಟ್ಟು ಏಳುತ್ತದೆ, ಏಳುವಾಗ ಇಟ್ಟಿಗೆಯ ಮೈಯನ್ನೂ ಕಿತ್ತುಕೊಂಡೇ ಏಳುತ್ತದೆ.

ಇದನ್ನು ಕೇಳುತ್ತಾ ನನಗೆ ಶೆಟ್ಟಿಹಳ್ಳಿಯೇ ಕಣ್ಣಮುಂದೆ ಬಂತು. ಅಲ್ಲಿ ನೀರು ಕಮಾನುಗಳನ್ನು ತಿನ್ನುತ್ತಿದೆ, ಆದರೆ ಉಳಿದಿರುವಷ್ಟು ಮೂಲದ್ದೇ. ಇಲ್ಲಿ ಕಟ್ಟಡ ಪೂರ್ತಿ ನಿಂತಿದೆ, ಮೂಲದ್ದು ಹುಡುಕಬೇಕು. ಹಳೇ ಚರ್ಚುಗಳನ್ನು ನಾವು ಮರೆತು ಕಳೆದುಕೊಳ್ಳುವುದಕ್ಕಿಂತ ಜಾಸ್ತಿ, ಪ್ರೀತಿಯಿಂದ ಹೊಸದು ಮಾಡಿ ಕಳೆದುಕೊಳ್ಳುತ್ತಿದ್ದೇವೆ.

ಪೀಠದ ಪಕ್ಕ ಮಾತೆ ಮರಿಯಮ್ಮನ ಮರದ ಸ್ವರೂಪ, ಅಂದರೆ ಪ್ರತಿಮೆ, ಇತ್ತು. ಮುಖ ತುಂಬಾ ಚೆಂದ. ಆದರೆ ಮೈಮೇಲೆ ದಪ್ಪ ಎನಾಮಲ್ ಬಣ್ಣ, ಹುಬ್ಬು ಹೊಸದಾಗಿ ತೀಡಿದ್ದು, ತುಟಿಗೆ ಕಡುಗೆಂಪು. ಪ್ರತಿ ಸಲ ಹಬ್ಬದ ಮುಂಚೆ ಬಣ್ಣ ಹೊಡೆಸುವ ರೂಢಿಯಂತೆ. ಸೆರಗಿನ ಮಡಿಕೆಯ ಒಂದು ಕಡೆ ಬಣ್ಣ ಚಕ್ಕೆ ಎದ್ದಿತ್ತು. ಒಳಗೆ ಮಾಸಿದ ನೀಲಿ, ಅದರ ಅಂಚಲ್ಲಿ ಚಿನ್ನದ ಬಣ್ಣದ ಸಣ್ಣ ಗೆರೆ. ಅಕ್ಕ ಕಣ್ಣು ತುಂಬಿಕೊಂಡು, "ಅಯ್ಯೋ, ಇದು ಎಷ್ಟು ಚೆನ್ನಾಗಿತ್ತು" ಅಂದಳು. ಅದನ್ನು ಈಗಲೂ ಹೊರಗೆ ತರಬಹುದು. ಕಲಾಕೃತಿ ಸಂರಕ್ಷಣೆ ಕಲಿತವರು ಕಾಣದ ಜಾಗದಲ್ಲಿ ಉಗುರಿನಷ್ಟು ಚೌಕ ತೆರೆದು ಎಷ್ಟು ಪದರ ಇದೆ ಅಂತ ಮೊದಲು ನೋಡುತ್ತಾರೆ, ಆಮೇಲೆ ಹತ್ತಿಯ ಉಂಡೆಯಲ್ಲಿ ಬೇರೆ ಬೇರೆ ದ್ರಾವಕ ಹಚ್ಚಿ, ಮೇಲಿನದು ಕರಗಿ ಕೆಳಗಿನದು ಉಳಿಯುವಂಥದ್ದನ್ನು ಆರಿಸುತ್ತಾರೆ. ತಿಂಗಳುಗಳ ಕೆಲಸ. ಉಪ್ಪುಕಾಗದ (ಸ್ಯಾಂಡ್‌ಪೇಪರ್) ಹಾಕಿ ಉಜ್ಜಿದರೆ ಮಾತ್ರ ಎಲ್ಲ ಮುಗಿದ ಹಾಗೆ.

ಅಲ್ಲಿನ ಫಾದರ್ ಇನ್ನೂ ಚಿಕ್ಕ ವಯಸ್ಸಿನವರು, ಇತ್ತೀಚೆಗೆ ಬಂದವರು. ಕಾಫಿ ಕೊಟ್ಟು ಕೂರಿಸಿದರು. ನಾನು ಹಿಂಜರಿಯುತ್ತಲೇ ವಿಷಯ ತೆಗೆದೆ. "ಫಾದರ್, ಇದಕ್ಕೆ ಧರ್ಮಸಭೆಯ ಕಾನೂನಿನಲ್ಲೇ ದಾರಿ ಇದೆಯಲ್ಲ" ಅಂದೆ. 1983ರ ಸಂಹಿತೆಯ 1189ನೇ ವಿಧಿ ಸ್ಪಷ್ಟವಾಗಿದೆ. ಹಳೆಯದಾದ, ಕಲೆಯ ದೃಷ್ಟಿಯಿಂದ ಬೆಲೆಯುಳ್ಳ, ಭಕ್ತರು ಗೌರವಿಸುವ ಸ್ವರೂಪ ಮತ್ತು ಚಿತ್ರಗಳನ್ನು ಧರ್ಮಾಧ್ಯಕ್ಷರ (ಬಿಷಪ್ಪರ) ಹಂತದ ಲಿಖಿತ ಅನುಮತಿ ಇಲ್ಲದೆ ರಿಪೇರಿ ಮಾಡಿಸುವಂತಿಲ್ಲ. ಅನುಮತಿ ಕೊಡುವ ಮುಂಚೆ ಅವರು ತಜ್ಞರನ್ನು ಕೇಳಬೇಕು. 1283ನೇ ವಿಧಿ ಚರ್ಚಿನ ಆಸ್ತಿಯ ಪಟ್ಟಿ ಮಾಡಿಡಿ ಅನ್ನುತ್ತದೆ, ಅದರಲ್ಲಿ ಕಲಾಕೃತಿಗಳೂ ಸೇರಿವೆ. 1999ರಲ್ಲಿ ವ್ಯಾಟಿಕನ್ನಿನ ಸಾಂಸ್ಕೃತಿಕ ಆಸ್ತಿ ಆಯೋಗ ಇಂಥ ಪಟ್ಟಿ ಯಾಕೆ ಬೇಕು, ಹೇಗೆ ಮಾಡಬೇಕು ಅಂತಲೇ ಒಂದು ಉದ್ದ ಸುತ್ತೋಲೆ ಕಳಿಸಿತ್ತು. ಫಾದರ್ ಕಾನೂನು ಓದಿದವರು, ಒಪ್ಪಿಕೊಂಡರು. "ಜನ ಹಬ್ಬಕ್ಕೆ ಬಣ್ಣ ಹೊಡೆಸಲಿಲ್ಲ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ, ಅವರಿಗೆ ತಿಳಿಸಿ ಹೇಳಬೇಕು" ಅಂದರು. ಅದು ನಿಜವಾದ ಕಷ್ಟ. ಮಾತೆಗೆ ಹೊಸ ಬಣ್ಣ ಕೊಡುವುದು ಅವರಿಗೆ ಹೊಸ ಸೀರೆ ಉಡಿಸಿದಂತೆ.

ಅದಕ್ಕೆ ಅಕ್ಕ ಒಂದು ದಾರಿ ಹೇಳಿದಳು. ಬಣ್ಣದ ಬದಲು ಹಬ್ಬಕ್ಕೆ ಬಟ್ಟೆಯ ಮೇಲುಹೊದಿಕೆ, ಹೂವಿನ ಅಲಂಕಾರ ಮಾಡಿ, ಸ್ವರೂಪದ ಮೈ ಮುಟ್ಟಬೇಡಿ ಅಂತ. ಫಾದರ್ ನಕ್ಕು ಬರೆದುಕೊಂಡರು.

ಸೋಮವಾರ: ಚಾರ್ಮಾಡಿ ಇಳಿದು ಮಂಗಳೂರು

ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಘಟ್ಟ ಇಳಿದೆವು. ಚಿತ್ರಗಳನ್ನು ಚೆನ್ನಾಗಿ ಉಳಿಸಿಕೊಂಡ ಒಂದು ಜಾಗವನ್ನೂ ನೋಡಬೇಕು ಅಂತ ನನ್ನ ಹಟ. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಅಂದರೆ ಅದೇ.

1880ರ ದಶಕದ ಕಟ್ಟಡ. ಹೊರಗಿನಿಂದ ಅಷ್ಟೇನೂ ಅನ್ನಿಸುವುದಿಲ್ಲ. ಒಳಗೆ ಹೋದರೆ ಗೋಡೆ, ಕಂಬ, ಚಾವಣಿ ಎಲ್ಲ ಕಡೆ ಚಿತ್ರ. ಇಟಲಿಯ ಬೆರ್ಗಾಮೊ ಕಡೆಯ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಬಿಡಿಸಿದ್ದು. ಹುಟ್ಟಿದ್ದು 1854ರಲ್ಲಿ, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಚಾವಣಿಯಲ್ಲಿ ಸಂತ ಅಲೋಶಿಯಸ್ ಗೊನ್ಜಾಗಾ ಅವರ ಬದುಕು ಇದೆ. ಅರಸು ಮನೆತನದ ಹುಡುಗ, ಆಸ್ತಿಯ ಹಕ್ಕನ್ನು ತಮ್ಮನಿಗೆ ಬಿಟ್ಟು ಸನ್ಯಾಸಿಯಾದವನು, ರೋಮ್‌ನಲ್ಲಿ ಪ್ಲೇಗ್ ಬಂದಾಗ ರೋಗಿಗಳ ಸೇವೆ ಮಾಡಿ 1591ರಲ್ಲಿ, 23ನೇ ವಯಸ್ಸಿನಲ್ಲಿ ತೀರಿಕೊಂಡವನು. ನಾವು ಕತ್ತು ನೋಯುವ ತನಕ ನೋಡಿದೆವು.

ಭಾವ ಮಾತ್ರ ಗೋಡೆಯ ಕಡೆಗೇ ನೋಡುತ್ತಿದ್ದರು. ಗೋಡೆಯ ಚಿತ್ರಗಳು ಫ್ರೆಸ್ಕೊ. ಅಂದರೆ ಇಲ್ಲೂ ಸುಣ್ಣದ್ದೇ ಆಟ. ಹಸಿ ಸುಣ್ಣದ ಗಾರೆ ಹಾಕಿ, ಅದು ಒಣಗುವ ಮುಂಚೆ ನೀರಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಗಾರೆ ಗಟ್ಟಿಯಾಗುವಾಗ ಬಣ್ಣ ಸುಣ್ಣದ ಹರಳಿನೊಳಗೇ ಸೇರಿ ಗೋಡೆಯ ಭಾಗವಾಗುತ್ತದೆ. ಅದಕ್ಕೇ ಆ ದಿನ ಎಷ್ಟು ಬಿಡಿಸಲು ಸಾಧ್ಯವೋ ಅಷ್ಟೇ ಗಾರೆ ಹಾಕಿಕೊಳ್ಳುತ್ತಾರೆ. ಸುಣ್ಣದ ಕ್ಷಾರ ತಡೆಯುವ ಮಣ್ಣಿನ ಬಣ್ಣಗಳೇ ಬೇಕು. ತಪ್ಪಾದರೆ ಅಳಿಸುವ ಹಾಗಿಲ್ಲ, ಗಾರೆ ಕೆತ್ತಿ ಮತ್ತೆ ಹಾಕಬೇಕು. ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣದಲ್ಲಿ ಮಾಡಿದ ಚಿತ್ರಗಳೂ ಇಲ್ಲಿವೆ, ಅವುಗಳ ಕಾಯಿಲೆಗಳೇ ಬೇರೆ.

ವರ್ಷಕ್ಕೆ 3500 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಲ್ಲಿ, ಸಮುದ್ರದ ಗಾಳಿಗೆ, ಇಂಥ ಚಿತ್ರ ತನ್ನಷ್ಟಕ್ಕೆ ಉಳಿಯುವುದಿಲ್ಲ. ಬೂಷ್ಟು ಹಿಡಿಯುತ್ತದೆ, ಉಪ್ಪು ಬರುತ್ತದೆ. 1990ರ ದಶಕದಲ್ಲಿ, ಹಳೇ ಕಟ್ಟಡ, ಕಲೆಗಳನ್ನು ಉಳಿಸುವ ಕೆಲಸದ ಇಂಟ್ಯಾಕ್ ಸಂಸ್ಥೆಯ ತಜ್ಞರು ಇಲ್ಲಿ ವರ್ಷಗಟ್ಟಲೆ ಕೂತು ಚಿತ್ರಗಳನ್ನು ಸರಿಮಾಡಿದರು. ಮಾಸಿದ ಕಡೆ ಮೇಲೆ ಹೊಸ ಬಣ್ಣ ಬಳಿಯುವ ಸುಲಭದ ದಾರಿ ಹಿಡಿದಿದ್ದರೆ ಮೊಸ್ಕೇನಿಯ ಕೈಯೇ ಇವತ್ತು ಕಾಣುತ್ತಿರಲಿಲ್ಲ. ಒಂದು ಸಂಸ್ಥೆ ಮನಸ್ಸು ಮಾಡಿದರೆ, ದುಡ್ಡು ಇಟ್ಟರೆ, ತಿಳಿದವರನ್ನು ಕರೆದರೆ ಹೀಗಾಗುತ್ತದೆ. ತೋಟದ ಮಧ್ಯದ ಸಣ್ಣ ಚರ್ಚಿಗೆ ಅಷ್ಟು ದುಡ್ಡಿಲ್ಲ, ಸರಿ. ಆದರೆ ಸಿಮೆಂಟ್, ಟೈಲ್ಸ್, ಪಿಒಪಿಗೆ ಹಾಕಿದ ದುಡ್ಡೇನು ಕಡಿಮೆಯೇ?

ಮಂಗಳವಾರ: ಶಿರಾಡಿ ಹತ್ತಿ ಮನೆಗೆ

ಸಕಲೇಶಪುರದ ತನಕ ಲಾರಿಗಳ ಹಿಂದೆಯೇ ಬಂದೆವು. ಅಷ್ಟು ಹೊತ್ತಿನಲ್ಲಿ ಭಾವ ಫಾದರ್‌ಗೆ ಕೊಡಲು ಕೆಲಸದ ಪಟ್ಟಿ ಹೇಳಿದರು, ನಾನು ಮೊಬೈಲಲ್ಲಿ ಬರೆದುಕೊಂಡೆ. ಈ ಮಳೆಗಾಲದ ಮುಂಚೆ ಗೋಡೆಯ ಸುತ್ತ ಎರಡಡಿ ಇಂಟರ್‌ಲಾಕ್ ತೆಗೆದು ನೀರು ಹೊರಗೆ ಹರಿಯಲು ಚರಂಡಿ. ಮಳೆ ನಿಂತ ಮೇಲೆ ಬಿಸಿಲು ಬೀಳುವ ಒಂದು ಕಡೆಯ ಗೋಡೆಯಲ್ಲಿ ಮಾತ್ರ ಟೈಲ್ಸ್, ಸಿಮೆಂಟ್ ಎಬ್ಬಿಸಿ, ಬೇಸಿಗೆ ಪೂರ್ತಿ ಒಣಗಲು ಬಿಡುವುದು. ಆಮೇಲೆ ತೆಳುವಾಗಿ ಪದರ ಪದರ ಸುಣ್ಣದ ಗಾರೆ, ಒದ್ದೆ ಗೋಣಿ ಹೊದಿಸಿ ನಿಧಾನಕ್ಕೆ ಗಟ್ಟಿಯಾಗಲು ಬಿಡುವುದು, ಮೇಲೆ ಬರೀ ಸುಣ್ಣ ಬಳಿಯುವುದು. ಆ ಒಂದು ಗೋಡೆ ಮುಂದಿನ ಮಳೆಗಾಲ ಹೇಗೆ ಕಳೆಯಿತು ಅಂತ ಊರಿನವರೇ ನೋಡಿ ಉಳಿದದ್ದಕ್ಕೆ ಒಪ್ಪಲಿ. ಕೂಲಿ ಬೇಡ, ಊರಿನ ಇಬ್ಬರು ಹುಡುಗರನ್ನು ಜೊತೆಗೆ ಕೊಟ್ಟರೆ ಕೆಲಸ ಕಲಿಸುತ್ತೇನೆ ಅಂದರು ಭಾವ.

ಪಟ್ಟಿಯ ಫೋಟೋಗಳ ಕೆಲಸ ಅಕ್ಕನದು. ಪ್ರತಿ ಸ್ವರೂಪ, ಶಿಲುಬೆ ಹಾದಿಯ ಪ್ರತಿ ಚಿತ್ರ, ಗಂಟೆ, ಹಳೇ ಪೂಜಾಪಾತ್ರೆ, ಜ್ಞಾನಸ್ನಾನದ ದಾಖಲೆ ಪುಸ್ತಕಗಳು, ಎಲ್ಲದರ ಅಳತೆ ಮತ್ತು ಎದುರು, ಹಿಂಬದಿ, ಪಕ್ಕದ ಫೋಟೋ. ನಿಮ್ಮ ಮನೆಯ ಆಲ್ಬಮ್ಮಿನಲ್ಲಿ ಹಾಸನ, ಚಿಕ್ಕಮಗಳೂರು ಕಡೆಯ ಯಾವುದಾದರೂ ಚರ್ಚಿನೊಳಗೆ ತೆಗೆದ ಹಳೇ ಮದುವೆ ಫೋಟೋ, ಹೊಸ ನನ್ಮೆಯ (ಮೊದಲ ಪರಮಪ್ರಸಾದದ) ಫೋಟೋ ಇದ್ದರೆ ದಯವಿಟ್ಟು ಆ ಊರಿನ ಗುರುಗಳಿಗೆ ಒಂದು ಪ್ರತಿ ಕೊಡಿ. ಮದುಮಕ್ಕಳ ಹಿಂದೆ ಹಳೇ ಪೀಠ ಇರುತ್ತದೆ, ಸ್ವರೂಪದ ಮೊದಲಿನ ಬಣ್ಣ ಇರುತ್ತದೆ, ಕಿಟಕಿಯ ಗಾಜು ಇರುತ್ತದೆ. ಅದು ಸಿಕ್ಕರೆ ಏನು ಇತ್ತು ಅಂತ ಊಹಿಸುವ ಕೆಲಸ ತಪ್ಪುತ್ತದೆ. ಶೆಟ್ಟಿಹಳ್ಳಿಯಿಂದ ಎದ್ದು ಹೋದ ಮನೆಗಳಲ್ಲಿ ಅಂಥ ಫೋಟೋ ಇದ್ದರಂತೂ ಇನ್ನೂ ಒಳ್ಳೆಯದು.